ಗುರು ಬೇಕು, ಸಂಬಳಕ್ಕೆ ಹಣವಿಲ್ಲ: ಅಮೆರಿಕದ ಎಪಿಸ್ಕೋಪಲ್ ಪ್ಯಾರಿಷ್‌ಗಳ ಇಕ್ಕಟ್ಟು

ಡೊನಾಲ್ಡ್ ಟ್ರಂಪ್ ಎರಡನೆಯ ಬಾರಿಗೆ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ ಮರುದಿನ, 2025ರ ಜನವರಿ 21ರಂದು, ವಾಷಿಂಗ್ಟನ್‌ನ ನ್ಯಾಷನಲ್ ಕೆಥೆಡ್ರಲ್‌ನಲ್ಲಿ ಪ್ರಾರ್ಥನಾ ಸಭೆ ನಡೆಯಿತು. ವಲಸಿಗರ ಬಗ್ಗೆಯೂ ಸಲಿಂಗಿ ಮಕ್ಕಳ ಬಗ್ಗೆಯೂ ಕರುಣೆ ತೋರಬೇಕೆಂದು ಬಿಷಪ್ ಮೇರಿಯಾನ್ ಎಡ್ಗರ್ ಬುಡ್ಡೆ ಅವರು ಎದುರಿಗೇ ಕುಳಿತಿದ್ದ ಅಧ್ಯಕ್ಷರನ್ನು ಕೋರಿದ ಆ ದೃಶ್ಯವನ್ನು ಜಗತ್ತೇ ನೋಡಿತು. ಅವರು ಸೇರಿದ ಎಪಿಸ್ಕೋಪಲ್ ಚರ್ಚ್ ಕೆಲ ದಿನಗಳ ಕಾಲ ಭಾರತದ ಪತ್ರಿಕೆಗಳಲ್ಲೂ ಸುದ್ದಿಯಾಯಿತು.

ಸುದ್ದಿಯಾಗದೆ ಉಳಿದಿರುವ ಸಂಗತಿ ಬೇರೆಯೇ ಇದೆ. ಇದೇ ಚರ್ಚ್‌ನ ಸಣ್ಣ ಊರುಗಳ ದೇವಾಲಯಗಳಲ್ಲಿ ಭಾನುವಾರ ಆರಾಧನೆ ನಡೆಸುವ ಗುರುಗಳ ಹುದ್ದೆಯ ಸ್ವರೂಪವೇ ಸದ್ದಿಲ್ಲದೆ ಬದಲಾಗುತ್ತಿದೆ. 1960ರ ದಶಕದ ಮಧ್ಯಭಾಗದಲ್ಲಿ 34 ಲಕ್ಷ ದಾಟಿದ್ದ ಸದಸ್ಯರ ಸಂಖ್ಯೆ 2023ರ ವೇಳೆಗೆ 16 ಲಕ್ಷಕ್ಕಿಂತ ಕೆಳಗಿಳಿದಿತ್ತು. ಅರ್ಧದಷ್ಟು ಪ್ಯಾರಿಷ್‌ಗಳಲ್ಲಿ ಭಾನುವಾರದ ಹಾಜರಾತಿ 40ರ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕಡಿಮೆ.

‘ಎಪಿಸ್ಕೋಪಲ್’ ಎಂಬ ಪದದ ಅರ್ಥ ಬಿಷಪ್ಪರಿಗೆ ಸಂಬಂಧಿಸಿದ್ದು ಎಂದು. ಆದರೆ ಹೆಸರಿನಲ್ಲೇ ಬಿಷಪ್ಪರನ್ನು ಇಟ್ಟುಕೊಂಡಿರುವ ಈ ಚರ್ಚ್‌ನಲ್ಲಿ ಪ್ಯಾರಿಷ್‌ನ ಮುಖ್ಯ ಗುರುವನ್ನು ನೇಮಿಸುವ ಅಧಿಕಾರ ಬಿಷಪ್ಪರಿಗಿಲ್ಲ. ಸದಸ್ಯರು ಚುನಾಯಿಸುವ ‘ವೆಸ್ಟ್ರಿ’ ಎಂಬ ಆಡಳಿತ ಸಮಿತಿಗೆ ಆ ಅಧಿಕಾರವಿದೆ. ಹುದ್ದೆ ತೆರವಾದಾಗ ಶೋಧನಾ ಸಮಿತಿಯೊಂದು ಅರ್ಜಿಗಳನ್ನು ಪರಿಶೀಲಿಸುತ್ತದೆ, ಅಭ್ಯರ್ಥಿಗಳ ಸಂದರ್ಶನ ನಡೆಸುತ್ತದೆ. ಈ ಪ್ರಕ್ರಿಯೆ ಮುಗಿಯಲು ವರ್ಷ ಹಿಡಿಯುವುದೂ ಉಂಟು. ಅಭ್ಯರ್ಥಿಯ ಅರ್ಹತೆಯನ್ನು ಬಿಷಪ್ಪರು ಖಚಿತಪಡಿಸಿಕೊಳ್ಳುತ್ತಾರೆ; ಆಯ್ಕೆ ಮಾತ್ರ ಪ್ಯಾರಿಷ್‌ನದು.

ಹೀಗೆ ಬಂದ ಗುರುವಿಗೆ ‘ರೆಕ್ಟರ್’ ಎಂದು ಹೆಸರು. ಆರಾಧನೆಯ ವಿಷಯದಲ್ಲಿ ರೆಕ್ಟರ್ ಮಾತೇ ಅಂತಿಮ, ಹಣ ಮತ್ತು ಆಸ್ತಿ ವೆಸ್ಟ್ರಿಯ ಕೈಯಲ್ಲಿ. ರೆಕ್ಟರನ್ನು ಅವರ ಇಚ್ಛೆಗೆ ವಿರುದ್ಧವಾಗಿ ವೆಸ್ಟ್ರಿ ತಾನಾಗಿ ತೆಗೆಯುವಂತಿಲ್ಲ. ವೆಸ್ಟ್ರಿಯ ಒಪ್ಪಿಗೆಯಿಲ್ಲದೆ ರೆಕ್ಟರ್ ರಾಜೀನಾಮೆ ಕೊಡುವಂತೆಯೂ ಇಲ್ಲ. ನಿವೃತ್ತಿಯ ವಯಸ್ಸು 72.

ಕರ್ನಾಟಕದ ಓದುಗರಿಗೆ ಇದು ವಿಚಿತ್ರವಾಗಿ ಕಂಡರೆ ಆಶ್ಚರ್ಯವಿಲ್ಲ. ಎಪಿಸ್ಕೋಪಲ್ ಚರ್ಚ್‌ನಂತೆಯೇ ಆಂಗ್ಲಿಕನ್ ಒಕ್ಕೂಟದ ಸದಸ್ಯತ್ವ ಪಡೆದಿರುವ ಚರ್ಚ್ ಆಫ್ ಸೌತ್ ಇಂಡಿಯಾದಲ್ಲಿ, ಅಂದರೆ ನಮ್ಮ ಸಿ.ಎಸ್.ಐ. ಸಭೆಗಳಲ್ಲಿ, ಸಭಾಪಾಲಕರನ್ನು ನೇಮಿಸುವುದು ಸಭಾಪ್ರಾಂತ. ಕೆಲವು ವರ್ಷಗಳಿಗೊಮ್ಮೆ ವರ್ಗಾವಣೆಯೂ ಆಗುತ್ತದೆ. ವರ್ಗಾವಣೆ ಪಟ್ಟಿ ಹೊರಬಿದ್ದಾಗ ಏಳುವ ಗೊಣಗಾಟ ಇಲ್ಲಿನ ಸಭೆಗಳಿಗೆ ಹೊಸದಲ್ಲ. ಆದರೆ ಬಡ ಸಭೆಗೂ ಒಬ್ಬ ಸಭಾಪಾಲಕರನ್ನು ಕಳುಹಿಸುವ ಹೊಣೆ ಸಭಾಪ್ರಾಂತದ ಮೇಲಿರುತ್ತದೆ ಎಂಬುದೂ ನಿಜ. ಅಮೆರಿಕದಲ್ಲಿ ಆಯ್ಕೆಯ ಹಕ್ಕು ಪ್ಯಾರಿಷ್‌ನದು, ಸಂಬಳದ ಹೊರೆಯೂ ಪ್ಯಾರಿಷ್‌ನದೇ.

ತಂಬಾಕಿನ ಸಂಬಳ

ಈ ವ್ಯವಸ್ಥೆಯ ಬೇರು ಬ್ರಿಟಿಷ್ ವಸಾಹತು ಕಾಲದ ವರ್ಜೀನಿಯಾದಲ್ಲಿದೆ. ಅಲ್ಲಿ ಬಿಷಪ್ಪರೇ ಇರಲಿಲ್ಲ. ಜಮೀನ್ದಾರರು ತುಂಬಿದ್ದ ವೆಸ್ಟ್ರಿಗಳು ಗುರುಗಳನ್ನು ಕಾಯಂಗೊಳಿಸುವ ಬದಲು ವರ್ಷದಿಂದ ವರ್ಷಕ್ಕೆ ಇಟ್ಟುಕೊಳ್ಳುವುದನ್ನೇ ಇಷ್ಟಪಟ್ಟವು. ಕಾನೂನಿನ ಪ್ರಕಾರ ಗುರುವಿನ ವಾರ್ಷಿಕ ವೇತನ 16,000 ಪೌಂಡ್ ತೂಕದ ತಂಬಾಕು. ಬೆಳೆ ಕೈಕೊಟ್ಟು ತಂಬಾಕಿನ ಬೆಲೆ ಏರಿದಾಗ, 1758ರಲ್ಲಿ ವರ್ಜೀನಿಯಾದ ಶಾಸನಸಭೆ ಪೌಂಡಿಗೆ ಎರಡು ಪೆನ್ನಿಯಂತೆ ನಗದು ಕೊಟ್ಟರೆ ಸಾಕು ಎಂಬ ಕಾಯ್ದೆ ತಂದಿತು. ಇಂಗ್ಲೆಂಡಿನ ದೊರೆ ಆ ಕಾಯ್ದೆಯನ್ನು ತಳ್ಳಿಹಾಕಿದ ಮೇಲೆ ಜೇಮ್ಸ್ ಮೌರಿ ಎಂಬ ಗುರು ಬಾಕಿ ಸಂಬಳಕ್ಕಾಗಿ ನ್ಯಾಯಾಲಯದ ಮೆಟ್ಟಿಲೇರಿದರು. 1763ರಲ್ಲಿ ಅವರ ವಿರುದ್ಧ ವಾದಿಸಿದ ಯುವ ವಕೀಲ ಪ್ಯಾಟ್ರಿಕ್ ಹೆನ್ರಿ ಮುಂದೆ ಸ್ವಾತಂತ್ರ್ಯ ಹೋರಾಟದ ನಾಯಕರಾದವರು. ಜ್ಯೂರಿ ಮೌರಿಯವರಿಗೆ ಕೊಡಿಸಿದ ಪರಿಹಾರ ಒಂದೇ ಒಂದು ಪೆನ್ನಿ!

ಸ್ವಾತಂತ್ರ್ಯಾನಂತರ ಮೊದಲ ಬಿಷಪ್ ಸ್ಯಾಮ್ಯುಯೆಲ್ ಸೀಬರಿ 1784ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ ದೀಕ್ಷೆ ಪಡೆದು ಬಂದರು. 1789ರಲ್ಲಿ ಫಿಲಡೆಲ್ಫಿಯಾದಲ್ಲಿ ಚರ್ಚ್‌ನ ಸಂವಿಧಾನ ಸಿದ್ಧವಾಯಿತು. ಅಷ್ಟರಲ್ಲಿ ಗುರುವನ್ನು ತಾವೇ ಆರಿಸುವ ಹಕ್ಕು ಜನಸಾಮಾನ್ಯರ ಕೈಯಲ್ಲಿ ಗಟ್ಟಿಯಾಗಿ ನೆಲೆಯೂರಿತ್ತು. ಒಮ್ಮೆ ಬಂದ ಗುರುವನ್ನು ಸುಲಭವಾಗಿ ಕಳುಹಿಸಲಾಗದು ಎಂಬ ರಕ್ಷಣೆ ಕಾಲಕ್ರಮದಲ್ಲಿ ಅದಕ್ಕೆ ಸೇರಿಕೊಂಡಿತು. ಉಪದೇಶಪೀಠದಿಂದ ಅಪ್ರಿಯ ಸತ್ಯ ನುಡಿಯುವ ರೆಕ್ಟರಿಗೆ ಈ ರಕ್ಷಣೆಯೇ ಬೆನ್ನೆಲುಬು.

ಈಗ ಅಲುಗಾಡುತ್ತಿರುವುದು ಈ ಸಮತೋಲನವೇ. ಪೂರ್ಣಾವಧಿ ಗುರುವೊಬ್ಬರ ವೇತನ, ವಸತಿ, ಆರೋಗ್ಯ ವಿಮೆ ಇವೆಲ್ಲ ಸೇರಿದರೆ ವೆಚ್ಚ ಹಲವೆಡೆ ವರ್ಷಕ್ಕೆ 1 ಲಕ್ಷ ಡಾಲರ್ ದಾಟುತ್ತದೆ. ವೇತನದ ಶೇ 18ರಷ್ಟನ್ನು ಪಿಂಚಣಿ ನಿಧಿಗೆ ಪ್ಯಾರಿಷ್ ಕಟ್ಟಲೇಬೇಕು. 25 ಕುಟುಂಬಗಳ ಸಭೆಯೊಂದನ್ನು ಊಹಿಸಿಕೊಂಡರೆ, ಗುರುವಿನ ಖರ್ಚಿಗೇ ಪ್ರತಿ ಕುಟುಂಬ ವರ್ಷಕ್ಕೆ 4,000 ಡಾಲರ್ ನೀಡಬೇಕಾಗುತ್ತದೆ. ಸೋರುವ ಮಾಡಿನ ದುರಸ್ತಿ, ಚಳಿಗಾಲದ ಹೀಟರ್ ಬಿಲ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ. 1917ರಲ್ಲಿ ಆರಂಭವಾದ ಪಿಂಚಣಿ ನಿಧಿಯ ಆಸ್ತಿ ಇಂದು 1,500 ಕೋಟಿ ಡಾಲರಿಗೂ ಮಿಗಿಲು. ಗುರುವಿನ ನಿವೃತ್ತ ಬದುಕಿಗೆ ಭದ್ರತೆಯಿದೆ, ಸೇವಾವಧಿಗೆ ಇಲ್ಲ! ನ್ಯೂಯಾರ್ಕಿನ ಟ್ರಿನಿಟಿ ಚರ್ಚ್‌ನ ಮಾತು ಬಿಡಿ. ಆನ್ ರಾಣಿಯ ಕಾಲದಲ್ಲಿ, 1705ರಲ್ಲಿ, ಮ್ಯಾನ್‌ಹಟನ್‌ನಲ್ಲಿ ದೊರೆತ ಭೂಮಿ ಅದನ್ನು ಇಂದಿಗೂ ಸಾಕುತ್ತಿದೆ.

ಪ್ರಾರ್ಥನಾ ಪುಸ್ತಕ ತಂದ ತೊಡಕು

ಗುರುವಿಲ್ಲದಿದ್ದರೂ ಸಭೆ ನಡೆಸಬಹುದಲ್ಲ ಎಂಬ ಪ್ರಶ್ನೆ ಏಳಬಹುದು. ಹಿಂದೆ ಅದು ಸಾಧ್ಯವಿತ್ತು. ಬಹಳಷ್ಟು ಪ್ಯಾರಿಷ್‌ಗಳಲ್ಲಿ ತಿಂಗಳಿನ ಹೆಚ್ಚಿನ ಭಾನುವಾರಗಳಂದು ‘ಬೆಳಗಿನ ಪ್ರಾರ್ಥನೆ’ಯೇ ಮುಖ್ಯ ಆರಾಧನೆಯಾಗಿತ್ತು. ಅದನ್ನು ದೀಕ್ಷೆಯಿಲ್ಲದ ಸಾಮಾನ್ಯ ಸದಸ್ಯರೂ ನಡೆಸಬಹುದು. 1979ರ ಪ್ರಾರ್ಥನಾ ಪುಸ್ತಕವು ಪ್ರತಿ ಭಾನುವಾರದ ಪ್ರಧಾನ ಆರಾಧನೆ ಕರ್ತನ ಭೋಜನವೇ ಎಂದು ಸಾರಿತು. ಕರ್ತನ ಭೋಜನದ ಸಂಸ್ಕಾರಕ್ಕೆ ದೀಕ್ಷಿತ ಗುರು ಬೇಕೇ ಬೇಕು. ಧಾರ್ಮಿಕ ದೃಷ್ಟಿಯಿಂದ ಅದು ಸಮರ್ಥನೀಯ ಸುಧಾರಣೆಯೇ ಇರಬಹುದು. ಆದರೆ ಸದಸ್ಯರ ಸಂಖ್ಯೆಯೂ ಕಾಣಿಕೆಯೂ ಇಳಿಮುಖವಾಗಿದ್ದ ಹೊತ್ತಿನಲ್ಲೇ ಪ್ರತಿ ಸಭೆಗೂ ಪ್ರತಿ ವಾರವೂ ಗುರು ಅನಿವಾರ್ಯವಾದರು. ಇಂದಿನ ಇಕ್ಕಟ್ಟಿಗೆ ಸಲಿಂಗಿ ಬಿಷಪ್ಪರ ಆಯ್ಕೆ ಮತ್ತು ನಂತರದ ಒಡಕನ್ನು ಮಾತ್ರ ದೂರುವವರು ಈ ಅಂಶವನ್ನು ಗಮನಿಸುವುದೇ ಇಲ್ಲ. ಜೀನ್ ರಾಬಿನ್ಸನ್ ಬಿಷಪ್ ಆದದ್ದು 2003ರಲ್ಲಿ. ಸದಸ್ಯರ ಸಂಖ್ಯೆ ಇಳಿಯತೊಡಗಿ ಅಷ್ಟರಲ್ಲಾಗಲೇ ಮೂರು ದಶಕಗಳು ಕಳೆದಿದ್ದವು.

ಪರಿಹಾರಗಳು ಹುಟ್ಟಿಕೊಂಡಿಲ್ಲವೆಂದಲ್ಲ. ಉತ್ತರ ಮಿಷಿಗನ್‌ನಂತಹ ಕಡೆ ಊರಿನವರನ್ನೇ ಸ್ಥಳೀಯವಾಗಿ ತರಬೇತುಗೊಳಿಸಿ, ಸಂಬಳವಿಲ್ಲದ ಗುರುಗಳನ್ನಾಗಿ ಮಾಡುವ ಪ್ರಯೋಗ ನಡೆಯಿತು. ಲೂಥರನ್ ಚರ್ಚ್‌ನೊಂದಿಗೆ 2001ರಲ್ಲಿ ಜಾರಿಗೆ ಬಂದ ಒಪ್ಪಂದದಿಂದಾಗಿ ಆ ಪಂಥದ ಪಾಸ್ಟರ್ ಕೂಡ ಎಪಿಸ್ಕೋಪಲ್ ಪ್ಯಾರಿಷ್‌ನಲ್ಲಿ ಸೇವೆ ಸಲ್ಲಿಸಬಹುದಾಗಿದೆ. ಎರಡು ಮೂರು ಸಭೆಗಳು ಸೇರಿ ಒಬ್ಬರೇ ಗುರುವನ್ನು ಹಂಚಿಕೊಳ್ಳುವುದು ಸಾಮಾನ್ಯವಾಗಿದೆ. ವಾರದ ದಿನಗಳಲ್ಲಿ ಬೇರೊಂದು ನೌಕರಿ ಮಾಡಿ ಭಾನುವಾರ ನಿಲುವಂಗಿ ತೊಡುವವರೂ ಇದ್ದಾರೆ. ಇನ್ನು ಡೀಕನ್‌ಗಳಲ್ಲಿ ಹೆಚ್ಚಿನವರಿಗೆ ಸಂಬಳವೇ ಇಲ್ಲ.

ಇವೆಲ್ಲದರ ನಡುವೆ ಹೆಚ್ಚು ಗಮನಿಸಬೇಕಾದದ್ದು ‘ಪ್ರೀಸ್ಟ್ ಇನ್ ಚಾರ್ಜ್’ ಎಂಬ ಹುದ್ದೆ. ಪೂರ್ಣಾವಧಿ ರೆಕ್ಟರನ್ನು ಸಾಕಲಾಗದ ಪ್ಯಾರಿಷ್‌ಗೆ, ವೆಸ್ಟ್ರಿಯೊಂದಿಗೆ ಸಮಾಲೋಚಿಸಿ ಬಿಷಪ್ಪರೇ ಗುರುವನ್ನು ನೇಮಿಸುತ್ತಾರೆ. ರೆಕ್ಟರಿಗಿರುವ ಸೇವಾ ಭದ್ರತೆ ಈ ಗುರುವಿಗಿಲ್ಲ. ಒಪ್ಪಂದ ಸಾಮಾನ್ಯವಾಗಿ ನಿಗದಿತ ಅವಧಿಯದು. ಪ್ಯಾರಿಷ್ ತನ್ನ ಆಯ್ಕೆಯ ಹಕ್ಕನ್ನು ಕಳೆದುಕೊಳ್ಳುತ್ತದೆ, ಗುರು ತನ್ನ ಭದ್ರತೆಯನ್ನು. ಯಾವ ಮಹಾಸಭೆಯೂ ರೆಕ್ಟರ್ ಪದ್ಧತಿಯನ್ನು ರದ್ದುಪಡಿಸಿಲ್ಲ. ಬಡತನವೇ ಅದನ್ನು ಒಂದೊಂದೇ ಊರಿನಲ್ಲಿ ಕೈಬಿಡಿಸುತ್ತಿದೆ. ಸಣ್ಣ ಸಭೆಗಳ ಗುರುಗಳು ವರ್ಜೀನಿಯಾದ ವರ್ಷಾವಧಿ ಕರಾರಿನ ಕಾಲಕ್ಕೇ ಮರಳುತ್ತಿದ್ದಾರೆ ಎಂದರೆ ಅತಿಶಯೋಕ್ತಿಯಾಗಲಾರದು.

ಇದರ ಬಿಸಿ ಹೆಚ್ಚಾಗಿ ತಟ್ಟುತ್ತಿರುವುದು ಮಹಿಳೆಯರಿಗೆ. 1974ರ ಜುಲೈ 29ರಂದು ಫಿಲಡೆಲ್ಫಿಯಾದಲ್ಲಿ 11 ಮಹಿಳೆಯರು ಚರ್ಚ್‌ನ ಅನುಮತಿಯಿಲ್ಲದೆ ಗುರುದೀಕ್ಷೆ ಪಡೆದಾಗ ಬಿಷಪ್ಪರ ಸಭೆ ಅದನ್ನು ಅಸಿಂಧುವೆಂದಿತು. ಎರಡೇ ವರ್ಷಗಳಲ್ಲಿ, 1976ರ ಮಹಾಸಭೆಯಲ್ಲಿ, ನಿಯಮ ಬದಲಾಯಿತು. 2006ರಲ್ಲಿ ಕ್ಯಾಥರೀನ್ ಜೆಫರ್ಟ್ಸ್ ಶೋರಿ ಚರ್ಚ್‌ನ ಪ್ರಧಾನ ಬಿಷಪ್ ಹುದ್ದೆಗೇರಿದರು. ಆದರೂ ಗುರುಗಳ ವೇತನದ ಲೆಕ್ಕದಲ್ಲಿ ಪುರುಷರೇ ಮುಂದಿದ್ದಾರೆ. ದೊಡ್ಡ, ಶ್ರೀಮಂತ ಪ್ಯಾರಿಷ್‌ಗಳ ರೆಕ್ಟರ್ ಹುದ್ದೆಗಳು ಪುರುಷರಿಗೂ, ಅರೆಕಾಲಿಕ ಮತ್ತು ಅಲ್ಪಾವಧಿಯ ಹುದ್ದೆಗಳು ಮಹಿಳೆಯರಿಗೂ ಒಲಿಯುವ ಪ್ರವೃತ್ತಿ ಇನ್ನೂ ಮಾಸಿಲ್ಲ. ದೀಕ್ಷೆಯ ಬಾಗಿಲು ತೆರೆದ ಹೊತ್ತಿಗೆ ಒಳಗಿದ್ದ ಭದ್ರತೆ ಕರಗತೊಡಗಿತ್ತು.

2024ರ ನವೆಂಬರ್ 1ರಂದು ಪ್ರಧಾನ ಬಿಷಪ್ ಆಗಿ ಅಧಿಕಾರ ವಹಿಸಿಕೊಂಡ ಶಾನ್ ರೋ ಅವರಿಗೆ ಈ ಬಡತನ ದೂರದ ವಿಷಯವಲ್ಲ. ಪೆನ್ಸಿಲ್ವೇನಿಯಾದ ಫ್ರ್ಯಾಂಕ್ಲಿನ್ ಎಂಬ ಸಣ್ಣ ಊರಿನಲ್ಲಿ ರೆಕ್ಟರ್ ಆಗಿದ್ದವರು ಅವರು. ಬಳಿಕ ವಾಯವ್ಯ ಪೆನ್ಸಿಲ್ವೇನಿಯಾದ ಬಿಷಪ್ ಆಗಿ, ನೆರೆಯ ಪಶ್ಚಿಮ ನ್ಯೂಯಾರ್ಕ್ ಸಭಾಪ್ರಾಂತವನ್ನೂ ಜೊತೆಯಲ್ಲೇ ನಿರ್ವಹಿಸಿದರು. ತಮ್ಮ ಪದಗ್ರಹಣವನ್ನು ನ್ಯಾಷನಲ್ ಕೆಥೆಡ್ರಲ್‌ನ ವೈಭವದಿಂದ ದೂರವಿಟ್ಟು ನ್ಯೂಯಾರ್ಕಿನ ಕೇಂದ್ರ ಕಚೇರಿಯ ಪುಟ್ಟ ಚಾಪೆಲ್‌ನಲ್ಲಿ ಮುಗಿಸಿದರು. ಅದೇ 2024ರಲ್ಲಿ ವಿಸ್ಕಾನ್ಸಿನ್‌ನ ಮೂರು ಸಭಾಪ್ರಾಂತಗಳು ಒಂದಾದವು. ಮಿಷಿಗನ್‌ನಲ್ಲಿ ಎರಡು ಸೇರಿ ‘ಗ್ರೇಟ್ ಲೇಕ್ಸ್’ ಎಂಬ ಹೊಸ ಸಭಾಪ್ರಾಂತ ರಚನೆಯಾಯಿತು.

ಬಿಷಪ್ಪರ ಕಚೇರಿಗಳ ಖರ್ಚು ಇದರಿಂದ ತಗ್ಗಬಹುದು. ಉಳಿದ ಹಣ ಸಣ್ಣ ಪ್ಯಾರಿಷ್‌ನ ಗುರುವಿನ ಸಂಬಳದವರೆಗೆ ಇಳಿದು ಬರುವುದೇ ಎಂಬುದನ್ನು ಕಾದು ನೋಡಬೇಕು. ಸದ್ಯಕ್ಕೆ ಬಹಳಷ್ಟು ಊರುಗಳಲ್ಲಿ ಭಾನುವಾರದ ಆರಾಧನೆ ನಿಂತಿರುವುದು ಬಿಷಪ್ಪರ ಅನುಮತಿ ಪಡೆದು ಬಂದುಹೋಗುವ ನಿವೃತ್ತ ಗುರುಗಳ ಮೇಲೆ. ಅವರಲ್ಲಿ ಅನೇಕರು 72 ದಾಟಿದವರು.