ಅಸಲಿ ಕಾರು ಯಾವುದು?

ಹಳೆಯ ರೇಸ್ ಕಾರು ಕಂಡರೆ ಸಂಗ್ರಹಕಾರರು ಮೊದಲು ಕೇಳುವುದು ‘ಒರಿಜಿನಲ್ಲಾ?’ ಎಂದು. ಪ್ರಶ್ನೆಯೇ ತಪ್ಪು.

‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿಯನ್ನು ನೋಡಿ. 1929 ಮತ್ತು 1930ರಲ್ಲಿ 24 ಗಂಟೆಗಳ ಲೆ ಮಾನ್ಸ್ ರೇಸ್ ಗೆದ್ದ ಕಾರು. ಆಮೇಲೆ ಅದಕ್ಕೆ 8 ಲೀಟರಿನ ಎಂಜಿನ್ ಬಂತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಅದನ್ನು ಓಡಿಸುತ್ತಿದ್ದ ಕ್ಲೈವ್ ಡನ್‌ಫಿ ಅಪಘಾತದಲ್ಲಿ ಸತ್ತರು. ವುಲ್ಫ್ ಬರ್ನಾಟೊ ಅದನ್ನು ಮತ್ತೆ ಕೂಪೆಯಾಗಿ ಕಟ್ಟಿಸಿದರು. ಮುಂದೆ ಅದನ್ನು ಕೊಳ್ಳಲು ಒಪ್ಪಿದ್ದ ಕಂಪನಿ ‘ಇದು ಆ ಕಾರೇ ಅಲ್ಲ’ ಎಂದು ಹಿಂದೆ ಸರಿಯಿತು. 1990ರಲ್ಲಿ ವ್ಯಾಜ್ಯ ಇಂಗ್ಲೆಂಡಿನ ಹೈಕೋರ್ಟಿನ ಮುಂದಿತ್ತು. 1930ರ ಕಾರಿನಲ್ಲಿ ಉಳಿದಿದ್ದದ್ದು ಪೆಡಲ್ ಶಾಫ್ಟ್, ಗೇರ್‌ಬಾಕ್ಸಿನ ಕವಚ, ಸ್ಟೀರಿಂಗ್ ಕಂಬ, ಅಷ್ಟೇ. ಆದರೂ ನ್ಯಾಯಮೂರ್ತಿ ಆಟನ್ ‘ಅದೇ ಕಾರು’ ಎಂದರು. ಅದರ ಬದುಕು ಎಲ್ಲೂ ತುಂಡಾಗಿರಲಿಲ್ಲ, ಅದರ ಜಾಗಕ್ಕೆ ಇನ್ನೊಂದು ಬಂದಿರಲಿಲ್ಲ.

ತೀರ್ಪು ಸರಿ. ಆದರೆ ಅದರ ಹೊಣೆ ಮಾಲೀಕರದು. ಬದುಕಿನ ನಿರಂತರತೆಯೇ ಅಸಲಿತನವಾದರೆ ಪ್ರತಿ ರಿಪೇರಿಯೂ ಚರಿತ್ರೆಯೇ. ಗೆದ್ದ ವರ್ಷದ ರೂಪ ಕೊಡುವ ಹುಕಿಯಲ್ಲಿ ಸಾವಿನ ವರ್ಷವನ್ನು ಉಜ್ಜಿ ಅಳಿಸುವುದು ಜೀರ್ಣೋದ್ಧಾರವಲ್ಲ. ಸುಳ್ಳು ಜಾತಕ ಬರೆಸಿದಂತೆ. ಭಾಗ ಬದಲಾಯಿಸಿ, ತಪ್ಪೇನಿಲ್ಲ. ಬದಲಾಯಿಸಿದ್ದನ್ನು ಬರೆದಿಡಿ. ಆ ಕಡತವಿಲ್ಲದ ಕಾರು ಎಷ್ಟು ಹೊಳೆದರೂ ಹಳೆಯ ಹೆಸರಿಗೆ ಹಕ್ಕುದಾರನಲ್ಲ.