ಬ್ರೇಕಿನಲ್ಲಿ ಉಳಿತಾಯ ಸಲ್ಲದು

ಮಾರಿಕುಪ್ಪಂನಿಂದ ಬಂಗಾರಪೇಟೆಯವರೆಗಿನ ರೈಲುದಾರಿಯ ಉದ್ದ ಸುಮಾರು 16 ಕಿಲೋಮೀಟರು. ನಡುವೆ ಚಾಂಪಿಯನ್, ಉರಿಗಾಂ, ಕೋರಮಂಡಲ್, ಬೆಮೆಲ್ ನಗರ. 1894ರಲ್ಲಿ ಈ ಕವಲುದಾರಿ ತೆರೆದಾಗ ಅದನ್ನು ಹಾಕಿಸಿದವರ ಕಣ್ಣಿದ್ದುದು ಜನರ ಮೇಲಲ್ಲ, ಜಾನ್ ಟೇಲರ್ ಕಂಪೆನಿಯ ಗಣಿಗಳ ಮೇಲೆ. 2001ರ ಫೆಬ್ರವರಿ 28ರಂದು ಗಣಿಗಳ ಬಾಗಿಲು ಮುಚ್ಚಿತು; ದಾರಿ ಉಳಿಯಿತು. ಒಂದು ಕಾಲಕ್ಕೆ ಗಣಿಗೆ ಬೇಕಾದ ಸರಂಜಾಮು ಹೊತ್ತು ಚಿನ್ನದ ಸೀಮೆಗೆ ಬರುತ್ತಿದ್ದ ಗಾಡಿಗಳು ಈಗ ಚಿನ್ನದ ಸೀಮೆಯ ಮಕ್ಕಳನ್ನೇ ಹೊತ್ತು ಬೆಂಗಳೂರಿಗೆ ಹೊರಡುತ್ತವೆ. ಊರಿನಲ್ಲಿ ಕೆಲಸ ಉಳಿಸಿಕೊಡಲಾರದ ಸರ್ಕಾರಗಳು ಕೆಲಸಕ್ಕೆ ಹೋಗಿಬರಲು ಒಂದು ಗಾಡಿಯನ್ನಾದರೂ ಉಳಿಸಿವೆ. ಆ ಗಾಡಿ ನಿಲ್ಲಬೇಕಾದಲ್ಲಿ ನಿಲ್ಲುತ್ತದೆಯೇ ಎಂದು ಕೇಳುವ ಹಕ್ಕು ಅದರಲ್ಲಿ ಕೂತವರಿಗೆ ಇದೆ.

ಗಾಡಿ ಓಡುವುದನ್ನು ಕುರಿತು ಮಂತ್ರಿಗಳು ದಿನಬೆಳಗಾದರೆ ಭಾಷಣ ಮಾಡುತ್ತಾರೆ. ಹೊಸ ಗಾಡಿಗೆ ಹಸಿರು ಬಾವುಟ ತೋರಿಸಲು ದೊಡ್ಡವರು ಬರುತ್ತಾರೆ. ಗಾಡಿ ನಿಲ್ಲುವುದನ್ನು ಕುರಿತು ಮಾತಾಡುವವರು ಕಡಿಮೆ. ಆದರೆ ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಕೇಜಿನಲ್ಲಿ ಇಳಿದು ಹತ್ತಿದ ಗಣಿ ಕಾರ್ಮಿಕರ ಮನೆತನಗಳಿಗೆ ಬ್ರೇಕಿನ ಬೆಲೆ ಹೇಳಿಕೊಡಬೇಕಾಗಿಲ್ಲ. ಹಗ್ಗ ಎಷ್ಟು ಗಟ್ಟಿಯೋ ಬ್ರೇಕೂ ಅಷ್ಟೇ ಗಟ್ಟಿಯಾಗಿರಬೇಕು ಎಂಬುದು ಅವರಿಗೆ ತಾತಂದಿರ ಕಾಲದಿಂದ ಗೊತ್ತಿರುವ ಸಂಗತಿ.

ರೈಲಿನ ಬ್ರೇಕಿನ ಮರ್ಮ ಸರಳವಾದುದು. ಎಂಜಿನ್ನಿನಿಂದ ಕೊನೆಯ ಡಬ್ಬಿಯವರೆಗೆ ಒಂದು ಕೊಳವೆ ಹರಿದಿರುತ್ತದೆ. ಗಾಡಿ ಓಡುವಾಗ ಅದರಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋಗ್ರಾಂ ಒತ್ತಡದ ಗಾಳಿ ತುಂಬಿರುತ್ತದೆ. ಡ್ರೈವರು ಬ್ರೇಕು ಹಾಕುವುದೆಂದರೆ ಆ ಗಾಳಿಯನ್ನು ಹೊರಕ್ಕೆ ಬಿಡುವುದು. ಒತ್ತಡ ಇಳಿದೊಡನೆ ಪ್ರತಿ ಡಬ್ಬಿಯ ಕೆಳಗಿರುವ ಗಾಳಿತೊಟ್ಟಿಯಿಂದ ಗಾಳಿ ನುಗ್ಗಿ ಬ್ರೇಕು ಗಟ್ಟೆಗಳನ್ನು ಚಕ್ರಕ್ಕೆ ಒತ್ತುತ್ತದೆ. ಕೊಂಡಿ ಕಳಚಿ ಗಾಡಿ ಎರಡಾದರೂ ಕೊಳವೆ ಹರಿದು ಗಾಳಿ ಹೋಗುತ್ತದೆ. ಎರಡು ತುಂಡುಗಳೂ ತಾವಾಗಿಯೇ ನಿಲ್ಲುತ್ತವೆ. ಕೆಟ್ಟರೆ ನಿಲ್ಲಬೇಕು, ಓಡಬಾರದು ಎಂಬುದೇ ಇದರ ತತ್ವ. ಉಗಿಯಂತ್ರದ ಕಾಲದಲ್ಲಿ ನಮ್ಮಲ್ಲಿದ್ದ ನಿರ್ವಾತ ಬ್ರೇಕಿಗೂ ಇದೇ ತತ್ವವಿತ್ತು. ಗಾಡಿಗಳು ಉದ್ದವಾಗಿ ಭಾರ ಹೆಚ್ಚಿದಂತೆ ಅದರ ಬಲ ಸಾಲದೆ, 1980ರ ದಶಕದಿಂದ ಕ್ರಮೇಣ ಗಾಳಿಬ್ರೇಕು ಬಂತು.

ಈ ತತ್ವವನ್ನು ಕಂಪೆನಿಗಳು ಜನರಿಗೆ ಉದಾರವಾಗಿ ಕೊಟ್ಟವೆಂದು ಯಾರೂ ಭಾವಿಸಬಾರದು. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ ತಾನಾಗಿ ಹಿಡಿಯುವ ಗಾಳಿಬ್ರೇಕನ್ನು 1872ರಲ್ಲೇ ರೂಪಿಸಿದ್ದ. ಆದರೂ ಬ್ರಿಟನ್ನಿನ ಅನೇಕ ರೈಲ್ವೆ ಕಂಪೆನಿಗಳು ಖರ್ಚಿನ ನೆಪವೊಡ್ಡಿ ಕಾಲ ತಳ್ಳುತ್ತಿದ್ದವು. 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ಪಟ್ಟಣದ ಬಳಿ ಮಕ್ಕಳು ತುಂಬಿದ್ದ ವಿಹಾರದ ಗಾಡಿಯೊಂದು ಏರು ಹತ್ತಲಾರದೆ ನಿಂತಿತು. ಅದನ್ನು ಎರಡು ಮಾಡಿ ಮುಂದಿನ ಭಾಗವನ್ನು ಒಯ್ಯಲು ಹೊರಟರು. ಅದರ ಬ್ರೇಕು ತಾನಾಗಿ ಹಿಡಿಯುವಂಥದಲ್ಲ. ಕಳಚಿದ ಹಿಂಭಾಗಕ್ಕೆ ಉಳಿದುದು ಗಾರ್ಡಿನ ಕೈಬ್ರೇಕು ಮತ್ತು ಚಕ್ರಕ್ಕೆ ಕೊಟ್ಟ ಕಲ್ಲುಗಳು ಮಾತ್ರ. ಡಬ್ಬಿಗಳು ಇಳಿಜಾರಿನಲ್ಲಿ ಹಿಂದಕ್ಕೆ ಓಡಿ ಬರುತ್ತಿದ್ದ ಇನ್ನೊಂದು ಗಾಡಿಗೆ ಬಡಿದವು. ಸುಮಾರು 80 ಮಂದಿ ಸತ್ತರು. ಅದೇ ವರ್ಷ ಪ್ರಯಾಣಿಕರ ಗಾಡಿಗಳಿಗೆ ತಾನಾಗಿ ಹಿಡಿಯುವ ಬ್ರೇಕನ್ನು ಕಡ್ಡಾಯ ಮಾಡುವ ಕಾನೂನು ಬಂತು. ಹದಿನೇಳು ವರ್ಷಗಳ ಹಿಂದೆಯೇ ಇದ್ದ ಸಲಕರಣೆ ಕಾನೂನಾಗಲು ಅಷ್ಟು ಹೆಣಗಳು ಬೇಕಾದವು.

ಆದರೆ ಕಾನೂನು ಬಂದ ಮಾತ್ರಕ್ಕೆ ಬ್ರೇಕು ಹಿಡಿಯುವುದಿಲ್ಲ. ಎರಡು ಡಬ್ಬಿಗಳ ನಡುವಿನ ಒಂದು ಕಾಕು ತಪ್ಪಿ ಮುಚ್ಚಿಹೋಗಿದ್ದರೆ ಅದರ ಹಿಂದಿನ ಡಬ್ಬಿಗಳೆಲ್ಲ ಡ್ರೈವರಿನ ಹಿಡಿತಕ್ಕೆ ಹೊರಗಾಗುತ್ತವೆ. ಗಾಡಿಯನ್ನು ನಿಲ್ಲಿಸಿಟ್ಟು ಎಂಜಿನ್ ಆರಿಸಿದರೆ ತೊಟ್ಟಿಯ ಗಾಳಿ ಮೆಲ್ಲಮೆಲ್ಲನೆ ಸೋರಿ, ಹಿಡಿದ ಬ್ರೇಕು ತಾನೇ ಬಿಡುತ್ತದೆ. ಆಗ ಕೈಬ್ರೇಕು ಬಿಗಿದು ಚಕ್ರಕ್ಕೆ ಗಟ್ಟೆ ಕೊಟ್ಟಿರಬೇಕು. ಇನ್ನು ಕೆಲವೊಮ್ಮೆ ಬ್ರೇಕು ಬಿಡದೆ ಬಿಗಿದುಕೊಂಡು ಚಕ್ರ ಕಾದು ಹೊಗೆಯೇಳುತ್ತದೆ. 2025ರ ಜನವರಿ 22ರಂದು ಮಹಾರಾಷ್ಟ್ರದ ಜಳಗಾಂವ್ ಬಳಿ ಪುಷ್ಪಕ್ ಎಕ್ಸ್‌ಪ್ರೆಸ್ಸಿನ ಪ್ರಯಾಣಿಕರು ಬೆಂಕಿಯೆಂದು ಹೆದರಿ ಹಳಿಗೆ ಇಳಿದರು. ಬೆಂಗಳೂರಿನಿಂದ ಹೊರಟ ಕರ್ನಾಟಕ ಎಕ್ಸ್‌ಪ್ರೆಸ್ ಅವರ ಮೇಲೆ ಹಾಯ್ದು ಹತ್ತಕ್ಕೂ ಹೆಚ್ಚು ಜನ ಸತ್ತರು. ಚಕ್ರದ ಬಳಿ ಕಂಡ ಕಿಡಿಗೆ ಬಿಗಿದ ಬ್ರೇಕೋ ಕಾದ ಅಚ್ಚೋ ಕಾರಣವಿರಬಹುದೆಂದು ಆಗ ಅಧಿಕಾರಿಗಳೇ ಹೇಳಿದರು.

ಇವುಗಳನ್ನೆಲ್ಲ ತಡೆಯುವವರು ಯಾರು? ಕ್ಯಾರೇಜ್ ಮತ್ತು ವ್ಯಾಗನ್ ವಿಭಾಗದ ಫಿಟ್ಟರುಗಳು, ಹೆಲ್ಪರುಗಳು, ಪರೀಕ್ಷಕರು. ಗಾಡಿಯ ಅಡಿಯಲ್ಲಿ ಬಗ್ಗಿ, ಕೊಳವೆಗೆ ಕಿವಿಗೊಟ್ಟು ಸೋರಿಕೆ ಹುಡುಕುವವರು ಅವರು. ಸವೆದ ಗಟ್ಟೆ ತೆಗೆದು ಹೊಸದು ಹಾಕುವವರು, ಪಿಸ್ಟನ್ನು ಎಷ್ಟು ಚಾಚಿತೆಂದು ಅಳೆಯುವವರು, ಗಾಳಿ ಕೊನೆಯ ಡಬ್ಬಿಯವರೆಗೆ ತಲುಪಿತೇ ಎಂದು ನೋಡುವವರು ಅವರೇ. ಮಳೆಯಿರಲಿ, ಮಧ್ಯರಾತ್ರಿಯಿರಲಿ, ಗಾಡಿ ಹೊರಡುವ ಮುನ್ನ ಈ ಕೆಲಸ ಮುಗಿಯಬೇಕು. ಮುಗಿದ ಮೇಲೆ ಬ್ರೇಕು ಬಲದ ಸರ್ಟಿಫಿಕೇಟಿಗೆ ರುಜು ಬೀಳುತ್ತದೆ. ಪ್ರಯಾಣಿಕರ ಗಾಡಿ ಹೊರಡುವ ನಿಲ್ದಾಣದಲ್ಲಿ ಅದರ ಬ್ರೇಕು ಬಲ ನೂರಕ್ಕೆ ನೂರು ಇರಬೇಕೆಂಬುದು ನಿಯಮ. ನಮ್ಮ ಭಾಗದ ಮೆಮು ಗಾಡಿಗಳು ಹೆಜ್ಜೆಹೆಜ್ಜೆಗೂ ನಿಲ್ಲುವಂಥವು. ನಿಂತಷ್ಟೂ ಗಟ್ಟೆ ಸವೆಯುತ್ತದೆ. ಸವೆದಷ್ಟೂ ನೋಡುವ ಕೈ ಹೆಚ್ಚು ಬೇಕು. ಇತ್ತ ಜೋಲಾರಪೇಟೆಯಿಂದ ಬಂಗಾರಪೇಟೆಗೆ ಬರುವ ಹೆದ್ದಾರಿ ಸುಮಾರು 400 ಮೀಟರು ಏರುತ್ತದೆ. ಏರಿದ್ದೆಲ್ಲ ಇಳಿಯಲೇಬೇಕು, ಇಳಿಯುವ ಗೂಡ್ಸ್ ಗಾಡಿಗೆ ಬ್ರೇಕೇ ಪ್ರಾಣ.

ಆ ಕೈಗಳೇ ಸಾಲದಾಗಿವೆ ಎಂಬುದು ನಮ್ಮ ಆಕ್ಷೇಪ. 2023ರ ಜೂನ್‌ನಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ರೈಲ್ವೆಯೇ ಕೊಟ್ಟ ಉತ್ತರದಂತೆ ಸುಮಾರು 2.74 ಲಕ್ಷ ಹುದ್ದೆಗಳು ಖಾಲಿಯಿದ್ದವು, ಅದರಲ್ಲಿ 1.7 ಲಕ್ಷಕ್ಕೂ ಹೆಚ್ಚು ಸುರಕ್ಷತೆಗೆ ಸೇರಿದವು. ಅನಿಲ್ ಕಾಕೋಡ್ಕರ್ ಸಮಿತಿ ಸುರಕ್ಷತೆಯ ಹುದ್ದೆಗಳನ್ನು ಖಾಲಿ ಬಿಡಕೂಡದೆಂದು 2012ರಲ್ಲೇ ಹೇಳಿತ್ತು. 2017ರಲ್ಲಿ ಸುರಕ್ಷತೆಗೆಂದೇ ಐದು ವರ್ಷಕ್ಕೆ ಒಂದು ಲಕ್ಷ ಕೋಟಿ ರೂಪಾಯಿಯ ನಿಧಿ ಘೋಷಣೆಯಾಯಿತು. ಆ ನಿಧಿಯ ಹಣ ಕಾಲು ನೀವುವ ಯಂತ್ರ, ಪಿಂಗಾಣಿ ಪಾತ್ರೆಗಳಿಗೂ ಹೋಗಿತ್ತೆಂದು 2022ರ ಡಿಸೆಂಬರಿನಲ್ಲಿ ಮಹಾಲೇಖಪಾಲರ ವರದಿ ಬಯಲು ಮಾಡಿತು. ಬ್ರೇಕು ಗಟ್ಟೆಗೆ ಸಲ್ಲಬೇಕಾದ ಹಣ ಸಾಹೇಬರ ಪಾದಸೇವೆಗೆ ಸಲ್ಲುವುದಾದರೆ ಅದನ್ನು ಸುರಕ್ಷತಾ ನಿಧಿ ಎಂದು ಕರೆಯುವುದೇಕೆ?

ಅಪಘಾತಗಳು ಕಡಿಮೆಯಾಗಿವೆ ಎಂದು ಸರ್ಕಾರ ಉತ್ತರಿಸುತ್ತದೆ. ಅದು ಸುಳ್ಳಲ್ಲ. ಅದರ ಲೆಕ್ಕದಂತೆ 2000–01ರಲ್ಲಿ 473 ಇದ್ದ ದೊಡ್ಡ ಅಪಘಾತಗಳು 2023–24ರಲ್ಲಿ 40ಕ್ಕೆ ಇಳಿದವು. ಸಂತೋಷ. ಆದರೆ ಇದರಲ್ಲಿ ಹಳಿ ಬದಲಿಸಿದ, ಬ್ರೇಕು ತಿದ್ದಿದ ನೌಕರರ ಬೆವರೂ ಇದೆ. ಫಲವನ್ನು ತೋರಿಸಿ ಬೇರನ್ನು ಕಡಿಯುವುದು ಯಾವ ನ್ಯಾಯ? ಹಾಗೆಯೇ ‘ಕವಚ’ ಎಂಬ ಹೊಸ ಯಂತ್ರದ ಹೆಸರನ್ನೂ ಹೇಳುತ್ತಾರೆ. ಅದು ಬರಲಿ, ಬೇಗನೆ ಬರಲಿ. ಡ್ರೈವರು ಕೆಂಪು ದೀಪ ದಾಟಿದರೆ ಅದು ತಾನೇ ಬ್ರೇಕು ಹಾಕುತ್ತದೆ. ಆದರೆ ಕವಚ ಕೊಡುವುದು ಆಜ್ಞೆ. ಚಕ್ರವನ್ನು ಹಿಡಿಯುವುದು ಗಟ್ಟೆ. ಗಟ್ಟೆ ಸವೆದಿದ್ದರೆ ಆಜ್ಞೆಯನ್ನು ಪಾಲಿಸುವವರಾರು?

ದುರಂತವಾದ ಮೇಲೆ ಕೈ ಬೀಳುವುದು ಯಾವಾಗಲೂ ಕೆಳಗಿನವನ ಕೊರಳಿಗೆ. 2013ರ ಜುಲೈ 6ರಂದು ಕೆನಡಾದ ಲಾಕ್ ಮೆಗಾಂಟಿಕ್ ಪಟ್ಟಣಕ್ಕೆ ಎಣ್ಣೆ ತುಂಬಿದ ಗಾಡಿ ತಾನಾಗಿ ಉರುಳಿ ಬಂದು ಹೊತ್ತಿ ಉರಿಯಿತು. 47 ಜನ ಸತ್ತರು. ನಿಲ್ಲಿಸಿಟ್ಟ ಗಾಡಿಯ ಎಂಜಿನ್ ಆರಿ, ಗಾಳಿ ಸೋರಿ, ಬಿಗಿದಿದ್ದ ಕೈಬ್ರೇಕುಗಳು ಸಾಲದೆ ಹೋಗಿದ್ದವು. 72 ಟ್ಯಾಂಕರುಗಳ ಆ ಗಾಡಿಗೆ ಇದ್ದ ಸಿಬ್ಬಂದಿ ಒಬ್ಬನೇ ಒಬ್ಬ. ಕಟಕಟೆಗೆ ಹತ್ತಿದವರು ಅವನೂ ಇನ್ನಿಬ್ಬರು ನೌಕರರೂ. 2018ರಲ್ಲಿ ಮೂವರನ್ನೂ ನ್ಯಾಯಾಲಯ ಖುಲಾಸೆ ಮಾಡಿತು. ನಮ್ಮ ದೇಶದಲ್ಲೇ 2024ರ ಫೆಬ್ರವರಿ 25ರಂದು ಕಠುವಾದಿಂದ 53 ವ್ಯಾಗನುಗಳ ಜಲ್ಲಿಗಾಡಿ ಡ್ರೈವರಿಲ್ಲದೆ ಪಂಜಾಬಿನೊಳಗೆ ಸುಮಾರು 70 ಕಿಲೋಮೀಟರು ಓಡಿತು. ಅದೃಷ್ಟವಶಾತ್ ಯಾರೂ ಸಾಯಲಿಲ್ಲ. ತಪ್ಪು ಮಾಡಿದ ನೌಕರನಿಗೆ ಶಿಕ್ಷೆ ಬೇಡವೆಂದು ನಾವು ಹೇಳುವುದಿಲ್ಲ. ಅವನಿಗೆ ಎಷ್ಟು ಗಂಟೆ ದುಡಿಸಿದಿರಿ, ಜೊತೆಗೆ ಎಷ್ಟು ಜನರನ್ನು ಕೊಟ್ಟಿರಿ, ಎಷ್ಟು ನಿಮಿಷ ಕೊಟ್ಟಿರಿ ಎಂಬ ಪ್ರಶ್ನೆಯನ್ನೂ ಅದೇ ವಿಚಾರಣೆಯಲ್ಲಿ ಮೇಲಿನವರಿಗೆ ಕೇಳಬೇಕೆಂದು ಹೇಳುತ್ತೇವೆ. 1973ರಲ್ಲಿ ಎಂಜಿನ್ ಸಿಬ್ಬಂದಿ ಮುಷ್ಕರ ಹೂಡಿ ದಿನದ ದುಡಿಮೆಗೆ ಹತ್ತು ಗಂಟೆಯ ಮಿತಿ ಕೇಳಿದ್ದು, 1974ರ ಮೇ ತಿಂಗಳಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸರ ನಾಯಕತ್ವದಲ್ಲಿ ದೇಶದ ರೈಲ್ವೆ ನೌಕರರು ಕೆಲಸ ನಿಲ್ಲಿಸಿದ್ದು ಬರಿಯ ಸಂಬಳಕ್ಕಾಗಿ ಅಲ್ಲ. ನಿದ್ದೆಗೆಟ್ಟ ಕಣ್ಣು ಪ್ರಯಾಣಿಕನಿಗೂ ಅಪಾಯ ಎಂಬ ಸತ್ಯ ಅದರಲ್ಲಿತ್ತು.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಒಂದು: ಬ್ರೇಕು ಪರೀಕ್ಷೆ ಮತ್ತು ದುರಸ್ತಿಯ ಹುದ್ದೆಗಳನ್ನೆಲ್ಲ ಖಾಯಂ ನೌಕರರಿಂದ ತುಂಬಬೇಕು; ಈ ಕೆಲಸವನ್ನು ಗುತ್ತಿಗೆದಾರನ ಲಾಭದ ಲೆಕ್ಕಕ್ಕೆ ಒಪ್ಪಿಸಕೂಡದು. ಎರಡು: ಗಾಡಿ ತಡವಾಯಿತೆಂದು ಪರೀಕ್ಷೆಯ ಹೊತ್ತನ್ನು ಮೊಟಕು ಮಾಡಕೂಡದು, ಬ್ರೇಕು ಸರಿಯಿಲ್ಲವೆಂದು ರುಜು ಹಾಕಲು ಒಪ್ಪದ ಪರೀಕ್ಷಕನ ಮೇಲೆ ಕ್ರಮ ಕೈಗೊಳ್ಳಕೂಡದು. ಮೂರು: ನಿಧಿಯ ಹಣದಲ್ಲಿ ಬ್ರೇಕಿನ ಬಿಡಿಭಾಗಕ್ಕೆ ಎಷ್ಟು, ಸಿಬ್ಬಂದಿಗೆ ಎಷ್ಟು ಎಂಬ ಲೆಕ್ಕವನ್ನು ಬೆಂಗಳೂರು ವಿಭಾಗ ವರ್ಷವರ್ಷವೂ ಕನ್ನಡದಲ್ಲಿ ಪ್ರಕಟಿಸಬೇಕು. ನಾಲ್ಕು: ಗಣಿ ಮುಚ್ಚಿದ ಊರಿನಲ್ಲಿ ಕಬ್ಬಿಣದ ಕೆಲಸ ಬಲ್ಲ ಮನೆಗಳು ಇನ್ನೂ ಇವೆ, 1964ರಲ್ಲಿ ಹುಟ್ಟಿದ ಬೆಮೆಲ್ ಇದೆ. ಇಲ್ಲಿನ ಹುಡುಗ ಹುಡುಗಿಯರಿಗೆ ರೈಲು ಬ್ರೇಕು ದುರಸ್ತಿಯ ತರಬೇತಿಯನ್ನು ಇಲ್ಲಿಯೇ ಕೊಟ್ಟು, ಕಲಿತವರಿಗೆ ಕೆಲಸ ಕೊಡಬೇಕು.

ಮೊದಲ ಮೂರು ಹೊಸ ಕೋರಿಕೆಗಳಲ್ಲ. ನಿಯಮದ ಪುಸ್ತಕ ಮತ್ತು ಸಮಿತಿಗಳ ವರದಿಗಳು ಒಪ್ಪಿದ ತತ್ವಗಳು. ನಾಲ್ಕನೆಯದು ಈ ಸೀಮೆಗೆ ಸಲ್ಲಬೇಕಾದ ಹಳೆಯ ಬಾಕಿ. ಪ್ರಯಾಣಿಕರ ಸಂಘದವರೂ ರೈಲ್ವೆ ನೌಕರರ ಸಂಘದವರೂ ಬೇರೆಬೇರೆಯಾಗಿ ಅರ್ಜಿ ಕೊಟ್ಟು ಕೂಡುವ ಬದಲು ಬಂಗಾರಪೇಟೆಯಲ್ಲಿ ಒಂದೇ ಸಭೆ ಸೇರಿ ಒಂದೇ ದನಿಯಲ್ಲಿ ಕೇಳಲಿ. ಗಾಡಿಯ ಒಳಗೆ ಕೂತವನ ಹಿತವೂ ಗಾಡಿಯ ಅಡಿಯಲ್ಲಿ ಬಗ್ಗಿದವನ ಹಿತವೂ ಬೇರೆಯಲ್ಲ.