ಡ್ರಾವರ್ ತಾನ ತೆರಕೊಂಡ್ರ ಬೈಸ್ಕೊಳ್ಳೋಕಿ ನಾ ಯಾಕ?

“ಮತ್ತ ಡ್ರಾವರ್ ಹಂಗ ತಗದ ಬಿಟ್ಟೀ ಏನವಾ?”

ಇದು ಮೂರ ವರ್ಷ ನಮ್ಮ ಮನ್ಯಾಗ ದಿನಾ ಮುಂಜಾನೆ ಕೇಳಿ ಬರ್ತಿದ್ದ ಸುಪ್ರಭಾತ. ಹಾಡೋರು ನಮ್ಮ ಅತ್ತಿಯವರು, ಕೇಳೋಕಿ ನಾನು. ಬೆಡ್‌ರೂಮಿನ್ಯಾಗ ನಾಕ ಡ್ರಾವರಿನ ಒಂದ ಕಪಾಟ ಅದ, ಎದಿಮಟ ಎತ್ತರದ್ದು. ಅದರ ಮ್ಯಾಲಿನ ಎರಡ ಡ್ರಾವರ್ ನಾ ಎಷ್ಟ ಒತ್ತಿ ಮುಚ್ಚಿದ್ರೂ, ಅಡಗಿಮನಿಗೆ ಹೋಗಿ ಕುಕ್ಕರ್ ಇಟ್ಟ ಬರೋದ್ರಾಗ ನಾಕ ಬೆರಳ ಮುಂದ ಬಂದ ನಿಂತಿರ್ತಿದ್ವು. “ಹೆಣ್ಣಮಕ್ಕಳ ಕೈಯಾಗ ಶಿಸ್ತ ಇರಬೇಕು” ಅಂತ ಅತ್ತಿಯವರು. “ನಿಂದ ಎಲ್ಲಾದ್ರಾಗೂ ಗಡಿಬಿಡಿ” ಅಂತ ನಮ್ಮನಿಯವರು. ಹಬ್ಬಕ್ಕ ಬಂದ ನಮ್ಮ ನಾದಿನಿಯಂತೂ “ವೈನಿ, ಆ ಖೋಲ್ಯಾಗ ಏನರ ಅದ ನೋಡ್ರಿ, ಯಾರಿಗರ ತೋರಸ್ರಿ” ಅಂತ ದೆವ್ವದ ಮ್ಯಾಲೆ ಹಾಕಿದ್ಲು. ಖರೇ ಹೇಳಬೇಕಂದ್ರ ನನಗ ಅವತ್ತ ಸ್ವಲ್ಪ ಸಮಾಧಾನನ ಆತು. ಕಡೀಕ ಒಬ್ಬಾಕಿಯರ ನನ್ನ ಬಿಟ್ಟ ಬ್ಯಾರೇದವರ ಹೆಸರ ತಗೊಂಡ್ಲಲಾ ಅಂತ.

ಇವತ್ತ ನಾ ಬರಿಯೋದು ಜಗಳದ ಮಾತು, ಮೊದಲ ಹೇಳಿಬಿಡ್ತೇನಿ. ಡ್ರಾವರ್ ತಾನ ತೆರಕೊಂಡ್ರ ಅದು ಮುಚ್ಚಿದವರ ತಪ್ಪಲ್ಲ. ಕಪಾಟ ಮುಂದಕ್ಕ ಬಾಗೇದ ಅಂತ ಆ ಡ್ರಾವರ್ ಹೇಳ್ಲಿಕತ್ತದ. ಅದನ್ನ ಕೇಳೋದ ಬಿಟ್ಟ ಸೊಸಿಗೆ ಬೈಕೋತ ಕೂತರ ಒಂದಿನ ಆ ಕಪಾಟ ಯಾರದರ ಮೈಮ್ಯಾಲೆ ಬೀಳ್ತದ.

ಹಳೇ ಸಾಗವಾನಿ ಕಪಾಟಿಗೆ ಈ ರೋಗ ಇರಲಿಲ್ಲ ನೋಡ್ರಿ. ಕಟಗಿ ಮ್ಯಾಲೆ ಕಟಗಿ ತಿಕ್ಕೋತ ಬರೋ ಡ್ರಾವರ್ ಅವು. ಮಳಿಗಾಲದಾಗ ಕಟಗಿ ಉಬ್ಬಿತಂದ್ರ ಜಗ್ಗಲಿಕ್ಕೆ ಇಬ್ಬರ ಬೇಕಾಗ್ತಿದ್ರು, ಮೇಣಬತ್ತಿ ತಿಕ್ಕಿದ ಮ್ಯಾಲೆ ಒಂದೀಟ ಸರೀತಿದ್ವು. ತಾನ ತೆರಕೊಳ್ಳೋ ಮಾತ ಎಲ್ಲೀದು? ಈಗಿನ ಡ್ರಾವರಿಗೆ ಎರಡೂ ಬಾಜು ಸ್ಟೀಲಿನ ಚಾನಲ್ ಇರ್ತದ, ಅದರೊಳಗ ಸಾಸವಿಗಿಂತ ಸ್ವಲ್ಪ ದೊಡ್ಡ ಗುಂಡು ಉರುಳ್ತಾವ. ಒಂದ ಬೆರಳಲೆ ಎಳದ್ರ ಬರ್ತದ ಅಂತ ಅಂಗಡಿಯಾಂವ ತೋರಿಸಿ ಮಾರ್ತಾನ. ಒಂದ ಬೆರಳಿಗೆ ಬರೋದು ವಾಟಕ್ಕೂ ಬರ್ತದಲ್ರಿ! ಪೂರಾ ಮುಚ್ಚಿದ ಕೂಡಲೆ ಹಿಡ್ಕೊಳ್ಳಲಿ ಅಂತ ಚಾನಲ್ಲಿನ ಕಡೀಕ ಒಂದ ಸಣ್ಣ ರಬ್ಬರಿನದೋ ಪ್ಲಾಸ್ಟಿಕ್ಕಿನದೋ ಉಬ್ಬ ಇರ್ತದ. ನಾಕ ವರ್ಷದಾಗ ಅದು ಸವೀತದ, ಇಲ್ಲಾ ಧೂಳ ತುಂಬ್ತದ. ಆಮ್ಯಾಲೆ ಹಿಡ್ಯೋರ ಇಲ್ಲ, ಕೇಳೋರ ಇಲ್ಲ.

ಇನ್ನ ವಾಟ ಎಲ್ಲಿಂದ ಬಂತು? ನಮ್ಮ ಕಡೆ ಮನ್ಯಾಗಿನ ನೆಲಾನ ಹಂಗ. ಶಹಾಬಾದ ಫರಸಿ ಹಾಸೋ ಮುಂದ, ತೊಳದ ನೀರ ಬಾಗಲ ಕಡೆ ಹರದ ಹೋಗಲಿ ಅಂತ ಗೌಂಡಿ ಬೇಕಂತನ ವಾಟ ಕೊಟ್ಟಿರ್ತಾನ. ಕಪಾಟಿನ ಬೆನ್ನ ಗ್ವಾಡಿಗೆ, ಮಾರಿ ಬಾಗಲ ಕಡೆ. ಅಂದಮ್ಯಾಲೆ ಕಪಾಟ ಯಾವ ಕಡೆ ಬಾಗ್ತದ ನೀವ ಹೇಳ್ರಿ. ನಮ್ಮ ಕಪಾಟ 45 ಸೆಂ.ಮೀ. ಆಳ ಅದ. ಅದರ ಮುಂದಿನ ಕಾಲ ಬರೇ 8 ಮಿ.ಮೀ. ತಗ್ಗಿದ್ರ ಸಾಕು, ಒಂದ ಡಿಗ್ರಿ ಬಾಗಿದಂಗಾತು. ಕಣ್ಣಿಗೆ ಕಾಣಂಗಿಲ್ಲ, ಡ್ರಾವರಿಗೆ ಮಾತ್ರ ಗೊತ್ತಾಗ್ತದ.

ಇದನ್ನೆಲ್ಲಾ ಆವಾಗ ನಾ ಎಲ್ಲೆ ತಿಳ್ಕೊಂಡಿದ್ದೆ? ನಾನೂ ಎಲ್ಲಾರಂಗ ಪೇಪರ್ ಮಡಚಿ ಡ್ರಾವರಿನ ಸಂದ್ಯಾಗ ತುರಕಿದೆ. ರಬ್ಬರ್ ಬ್ಯಾಂಡ್ ಹಾಕಿದೆ. ಬೈಗಳ ತಪ್ಪಿದ್ರ ಸಾಕಾಗಿತ್ತು.

ಹೋದ ಶ್ರಾವಣದಾಗ ಒಂದಿನ ಮಧ್ಯಾಹ್ನ ನಮ್ಮ ಸಣ್ಣಾಂವ, ಎರಡೂವರಿ ವರ್ಷದಾಂವ, ಆ ಖೋಲ್ಯಾಗ ಒಬ್ಬನ ಆಡ್ಲಿಕತ್ತಿದ್ದ. ಮ್ಯಾಲಿನ ಎರಡ ಡ್ರಾವರ್ ದಿನದಂಗ ತಾವ ಮುಂದ ಬಂದ ನಿಂತಿದ್ವು. ಮ್ಯಾಲೆ ಅತ್ತಿಯವರ ಔಷಧದ ಡಬ್ಬಿ. ಅದು ಬೇಕಂತ ಇಂವಾ ಕೆಳಗಿನ ಡ್ರಾವರ್ ಜಗ್ಗಿ, ಅದರಾಗ ಕಾಲಿಟ್ಟ ಹತ್ಯಾನ. ಸಪ್ಪಳಕ್ಕ ಓಡಿ ಹೋಗಿ ನೋಡ್ತೇನಿ, ಇಡೀ ಕಪಾಟ ಮುಂದ ಬಿದ್ದ ಎದರಿನ ಮಂಚಕ್ಕ ಆನಿ ನಿಂತದ. ಅದರ ಕೆಳಗಿನ ಸಂದ್ಯಾಗ ನನ್ನ ಕೂಸು. ಮಂಚ ಒಂದ ಹೆಜ್ಜಿ ದೂರ ಇದ್ದಿದ್ರ ಇದನ್ನ ಬರೀಲಿಕ್ಕೆ ನನಗ ಕೈ ಬರ್ತಿರಲಿಲ್ಲ. ಪುಣ್ಯಾಕ್ಕ ಹಣಿಗೆ ಒಂದ ಗುಬುಟಿ ಬಂದದ್ದ ಬಿಟ್ರ ಏನೂ ಆಗಲಿಲ್ಲ.

ಆಮ್ಯಾಲೆ ಮನ್ಯಾಗ ಏನಂದ್ರು ಗೊತ್ತದ ಏನ್ರಿ? “ಹುಡುಗ ಭಾಳ ಉಡಾಳ ಆಗ್ಯಾನ.” ಅವತ್ತ ನನ್ನ ತಲಿ ತಿರುಗಿತು. ಮೂರ ವರ್ಷ ನನ್ನ ಕೈ ತಪ್ಪು, ಈಗ ಕೂಸಿನ ಕಾಲ ತಪ್ಪು. ಸೀದಾ ನಿಲ್ಲಲಾರದ ಕಪಾಟಿಗೆ ಮಾತ್ರ ಯಾರೂ ಒಂದ ಮಾತ ಅನ್ನಲಿಲ್ಲ! ಅವತ್ತ ಸಂಜೀಕ ಅದನ್ನ ಎತ್ತಿ ನಿಲ್ಲಿಸಿದ ಮ್ಯಾಲೆ ನಮ್ಮ ಹುಡುಗನ ಗೋಲಿಗುಂಡ ತಂದ ಕಪಾಟಿನ ಮ್ಯಾಲೆ ಇಟ್ಟೆ. ಎಲ್ಲಾರ ಕಣ್ಣಮುಂದ ಅದು ಉರುಳಕೋತ ಬಂದ ನಮ್ಮನಿಯವರ ಕಾಲ ಮ್ಯಾಲೆ ಬಿತ್ತು. ಯಾರೂ ಮಾತಾಡಲಿಲ್ಲ.

ನನ್ನ ತಂಗಿ ಅಮೆರಿಕಾದಾಗ ಇರ್ತಾಳ. ಅಕಿಗೆ ಫೋನಿನ್ಯಾಗ ಹೇಳಿದಾಗ “ಅಕ್ಕಾ, ಇಲ್ಲೆ ಇದಕ್ಕ ಕಾಯ್ದೆನ ಅದ” ಅಂದ್ಲು. ಹೌದು, ಅಲ್ಲೆ ಹಿಂಗ ಕಪಾಟ ಬಿದ್ದ ಕೂಸುಗಳು ಸತ್ತ ಮ್ಯಾಲೆ 2016ರಾಗ ಐಕಿಯಾ ಕಂಪನಿ ಸುಮಾರ 2.9 ಕೋಟಿ ಡ್ರಾವರ್ ಕಪಾಟ ವಾಪಸ್ ಕರೀಬೇಕಾತು. 2022ರ ಡಿಸೆಂಬರದಾಗ ‘ಸ್ಟರ್ಡಿ’ ಅನ್ನೋ ಕಾಯ್ದೆ ಬಂತು. 2023ರ ಸೆಪ್ಟೆಂಬರದಿಂದ ಅಲ್ಲಿ ತಯಾರಾಗೋ ಎತ್ತರದ ಡ್ರಾವರ್ ಕಪಾಟು, ಸುಮಾರ 27 ಕೆ.ಜಿ. ತೂಕದ ಹುಡುಗ ಜಗ್ಗಿದ್ರೂ ಹತ್ತಿದ್ರೂ ಬೀಳಬಾರದು ಅಂತ ಪರೀಕ್ಷಾ ಪಾಸಾಗಬೇಕು. ಹುಡುಗ ಹತ್ತೋನ ಅಂತ ತಿಳದ ಕಪಾಟ ಮಾಡ್ರಿ ಅಂದ್ರು ಅವರು. ಹುಡುಗ ಉಡಾಳ ಅಂತ ಕೈ ತೊಳ್ಕೊಳ್ಳಲಿಲ್ಲ.

ಇನ್ನ ರಿಪೇರಿ ಮಾತು. ಎಲ್ಲಾರೂ ಮೊದಲ ಮ್ಯಾಗ್ನೆಟ್ ಹಚ್ಚಲಿಕ್ಕೆ ಓಡ್ತಾರ. ನಾ ಬ್ಯಾಡ ಅಂತೇನಿ. ಬಾಗಿದ ಕಪಾಟಿಗೆ ಮ್ಯಾಗ್ನೆಟ್ ಹಚ್ಚೋದಂದ್ರ ಜ್ವರಕ್ಕ ಔಷಧ ಕೊಡೋದ ಬಿಟ್ಟ ಥರ್ಮಾಮೀಟರ್ ಮುಚ್ಚಿಟ್ಟಂಗ. ಮೊದಲ ಗೋಲಿ ಇಡ್ರಿ, ಇಲ್ಲಾ ಗೌಂಡಿ ಕಡೆಯಿಂದ ರಸಮಟ್ಟ ಇಸ್ಕೊಂಡ ಬರ್ರಿ. ಮುಂದಿನ ಎರಡೂ ಕಾಲ ಕೆಳಗ ಪ್ಲೈವುಡ್ಡಿನದೋ ಟೈಲ್ಸಿನದೋ ತುಂಡ ಕೊಟ್ಟ, ಕಪಾಟ ಕೂದಲೆಳಿಯಷ್ಟ ಗ್ವಾಡಿ ಕಡೇನ ಬಾಗೋಹಂಗ ಮಾಡ್ರಿ. ಪೇಪರ್ ಮಡಚಿ ಇಡಬ್ಯಾಡ್ರಿ, ನೆಲಾ ಒರಸೋ ನೀರಿಗೆ ನಾಕ ದಿನದಾಗ ಮೆತ್ತಗಾಗ್ತದ. ಜಡ ಸಾಮಾನ ಕೆಳಗಿನ ಡ್ರಾವರಿನ್ಯಾಗ ಇಡ್ರಿ, ಹಗರಂದು ಮ್ಯಾಲೆ. ಆಮ್ಯಾಲೆ ಡ್ರಾವರ್ ಬಿಚ್ಚಿ ಚಾನಲ್ಲಿನ ಧೂಳ ಒರಸ್ರಿ. ಉಬ್ಬ ಸವದಿದ್ರ ಬಡಿಗ್ಯಾರನ ಕರದ ಚಾನಲ್ ಬದಲ ಮಾಡಸ್ರಿ. ಇಷ್ಟಾದ ಮ್ಯಾಲೂ ಮುಂದ ಬಂದ್ರ ಆವಾಗ ಮ್ಯಾಗ್ನೆಟ್.

ಕಡೀದು, ನನ್ನ ಮಾತಿನ್ಯಾಗ ಎಲ್ಲಾಕಿಂತ ಮುಖ್ಯದ್ದು: ಕಪಾಟಿನ ಬೆನ್ನಿಗೆ ಎರಡ ಎಲ್ ಪಟ್ಟಿ ಹಾಕಿ ಗ್ವಾಡಿಗೆ ಸ್ಕ್ರೂ ಹೊಡಸ್ರಿ. “ಬಾಡಗಿ ಮನಿ, ಗ್ವಾಡಿಗೆ ತೂತ ಹಾಕಿದ್ರ ಮಾಲಕರು ಬೈತಾರ” ಅಂದ್ರು ನಮ್ಮನಿಯವರು. ಬೈಲಿ. ಮನಿ ಬಿಡೋ ಮುಂದ ಒಂದ ಚಿಮಟಿ ಪುಟ್ಟಿ ಮೆತ್ತಿದ್ರ ತೂತ ಮುಚ್ಚತದ. ದೇವರ ಫೋಟೋಕ್ಕ, ಕ್ಯಾಲೆಂಡರಿಗೆ, ಟಿ.ವಿ.ಗೆ ಮೊಳಿ ಹೊಡೆಯೋ ಮುಂದ ಯಾರೂ ಮಾಲಕರ ನೆನಪ ತಗ್ಯಂಗಿಲ್ಲ. ಕೂಸಿನ ಜೀವದ ಮಾತ ಬಂದಾಗ ಅಷ್ಟ ಗ್ವಾಡಿ ಮ್ಯಾಲೆ ಯಾಕ ಇಷ್ಟ ಮಾಯಾ? ಹಟಾ ಹಿಡದೆ, ಮರುದಿನಾನ ಬಡಿಗ್ಯಾರು ಬಂದ್ರು. ಪಟ್ಟಿ, ಸ್ಕ್ರೂ, ಪ್ಲಾಸ್ಟಿಕ್ ಪ್ಲಗ್ ಎಲ್ಲಾ ಕೂಡಿ ಒಂದ ಸಿನಿಮಾ ಟಿಕೀಟಿನಷ್ಟೂ ರೊಕ್ಕ ಆಗಲಿಲ್ಲ.

ಆವತ್ತಿಂದ ಡ್ರಾವರ್ ಮುಚ್ಚಿದ್ದಲ್ಲೇ ಮುಚ್ಚಿರ್ತಾವ. ನನ್ನ ಕೈಯಾಗ ರಾತ್ರೋರಾತ್ರಿ ಶಿಸ್ತ ಬಂತ ಅನ್ನಲಿಕ್ಕೆ ಈಗ ಯಾರಿಗೂ ಬಾಯಿ ಇಲ್ಲ. ಅತ್ತಿಯವರು ತಪ್ಪಾತು ಅಂತೇನ ಅನ್ನಲಿಲ್ಲ, ನಾನೂ ಅನ್ನಸ್ಲಿಕ್ಕೆ ಹೋಗಲಿಲ್ಲ. ಆದ್ರ ಮೊನ್ನೆ ದೇವರಮನಿಯಿಂದ ಕರದ್ರು. “ಇಲ್ಲೆ ಬಾರವಾ, ಬರೋ ಮುಂದ ಆ ಗೋಲಿ ತಗೊಂಡ ಬಾ. ಈ ಕಪಾಟಿನ ಬಾಗಲಾನೂ ತಾನ ತೆರೀಲಿಕತ್ತದ.”

ನಿಮ್ಮ ಮನ್ಯಾಗೂ ಡ್ರಾವರ್ ತಾನ ಮುಂದ ಬಂದ ನಿಂತಿದ್ರ, ಯಾರ ತಗದ ಬಿಟ್ರು ಅಂತ ಒದರೋಕಿಂತ ಮೊದಲ ಒಂದ ಗೋಲಿ ಇಟ್ಟ ನೋಡ್ರಿ.